ಕೆಸರಾದ ಕೈಗಳ ಲೀಗ್

1908ರಲ್ಲಿ ಸಿಡ್ನಿಯ ದುಡಿಯುವ ಜನ ತಮ್ಮದೇ ಒಂದು ರಗ್ಬಿ ಲೀಗ್ ಕಟ್ಟಿಕೊಂಡರು. ಒಂಬತ್ತು ತಂಡ, ನಾಲ್ಕು ತಿಂಗಳು, ಬೆರಳೆಣಿಕೆಯ ಮೈದಾನಗಳು. ಆ ಮೊದಲ ಋತು ಮುಗಿಯುವ ಹೊತ್ತಿಗೆ ಖಜಾನೆ ಖಾಲಿಯಾಗಿತ್ತು, ಹೆಸರಾಂತ ಆಟಗಾರರು ಊರಲ್ಲಿರಲಿಲ್ಲ. ಲೀಗ್ ಮಾತ್ರ ಉಳಿಯಿತು.

1907ರ ಜುಲೈ 13, ಶನಿವಾರ. ಸಿಡ್ನಿ ಕ್ರಿಕೆಟ್ ಮೈದಾನದಲ್ಲಿ ಸುಮಾರು 52,000 ಜನ ಸೇರಿದ್ದರು. ನ್ಯೂಜಿಲೆಂಡ್‌ನಿಂದ ಬಂದಿದ್ದ ಆಲ್ ಬ್ಲ್ಯಾಕ್ಸ್ ತಂಡಕ್ಕೂ ನ್ಯೂ ಸೌತ್ ವೇಲ್ಸ್ ತಂಡಕ್ಕೂ ಅಂದು ರಗ್ಬಿ ಪಂದ್ಯ. ಇಡೀ ನಗರದ ಜನಸಂಖ್ಯೆಯೇ ಐದಾರು ಲಕ್ಷದ ಆಸುಪಾಸಿನಲ್ಲಿದ್ದ ಕಾಲ ಅದು. ಹತ್ತರಲ್ಲಿ ಒಬ್ಬರು ಕೆಲಸ ಬಿಟ್ಟು, ಟಿಕೆಟ್ ಕೊಂಡು, ಮೈದಾನಕ್ಕೆ ಬಂದರು ಎಂದರೆ ಆ ಆಟದ ಮೇಲೆ ಸಿಡ್ನಿಗಿದ್ದ ಮೋಹ ಎಷ್ಟೆಂದು ಊಹಿಸಬಹುದು.

ಟಿಕೆಟ್ ಹಣವೆಲ್ಲ ಆಟವನ್ನು ನಡೆಸುತ್ತಿದ್ದ ರಗ್ಬಿ ಯೂನಿಯನ್‌ನ ಪೆಟ್ಟಿಗೆ ಸೇರುತ್ತಿತ್ತು. ಮೈದಾನದಲ್ಲಿ ಓಡಿ, ಬಿದ್ದು, ಮೂಳೆ ಮುರಿದುಕೊಳ್ಳುತ್ತಿದ್ದವರಿಗೆ ಅದರಲ್ಲಿ ಪಾಲಿರಲಿಲ್ಲ. ರಗ್ಬಿ ಹವ್ಯಾಸಿಗಳ ಆಟ, ಸಭ್ಯಸ್ಥರ ಆಟ. ಆಡಿದ್ದಕ್ಕೆ ಒಂದು ಕಾಸು ಮುಟ್ಟಿದರೂ ಆಟಗಾರ ಜನ್ಮಪೂರ್ತಿ ಹೊರಗೆ. ಅಪ್ಪನ ಆಸ್ತಿ ಇದ್ದವರಿಗೆ ಈ ನಿಯಮ ಭಾರವಾಗಲಿಲ್ಲ. ರೆಡ್‌ಫರ್ನ್‌ನ ರೈಲ್ವೆ ವರ್ಕ್‌ಶಾಪ್‌ನಲ್ಲಿ ಸುತ್ತಿಗೆ ಹಿಡಿಯುತ್ತಿದ್ದವನಿಗೆ, ಬಾಲ್ಮೇನ್‌ನ ಹಡಗುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದವನಿಗೆ ಅದು ಹೊಟ್ಟೆಯ ಪ್ರಶ್ನೆ. ಶನಿವಾರದ ಟ್ಯಾಕಲ್‌ನಲ್ಲಿ ಕೈ ಮುರಿದರೆ ಸೋಮವಾರದಿಂದ ಕೂಲಿ ಇಲ್ಲ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತದೆ ನಮ್ಮ ಗಾದೆ. ಸಿಡ್ನಿಯಲ್ಲಿ ಕೆಸರು ಒಬ್ಬರದು, ಮೊಸರು ಇನ್ನೊಬ್ಬರದು ಎಂಬಂತಾಗಿತ್ತು.

ಈ ಅಸಮಾಧಾನಕ್ಕೆ ಒಂದು ಮುಖ ಕೊಟ್ಟವನು ಅಲೆಕ್ ಬರ್ಡನ್. ಗ್ಲೀಬ್ ಬಡಾವಣೆಯ ಆಟಗಾರ, ವೃತ್ತಿಯಲ್ಲಿ ಕ್ಷೌರಿಕ, ಆಸ್ಟ್ರೇಲಿಯಾಕ್ಕೆ ಆಡಿದವನು. 1907ರ ಋತುವಿನಲ್ಲಿ ಅವನಿಗೆ ಗಂಭೀರ ಗಾಯವಾಯಿತು. ಕತ್ತರಿ ಹಿಡಿಯಲಾಗದ ಕ್ಷೌರಿಕನಿಗೆ ಸಂಪಾದನೆ ಎಲ್ಲಿಂದ ಬರಬೇಕು? ಯೂನಿಯನ್‌ನಿಂದ ಅವನಿಗೆ ಪರಿಹಾರ ಸಿಗಲಿಲ್ಲ. ಅದೇ ಋತುವಿನಲ್ಲಿ ಐವತ್ತು ಸಾವಿರ ಜನ ಟಿಕೆಟ್ ಕೊಂಡದ್ದನ್ನು ಊರೆಲ್ಲ ಕಣ್ಣಾರೆ ಕಂಡಿತ್ತು. ಎರಡನ್ನೂ ಒಟ್ಟಿಗಿಟ್ಟು ನೋಡಿದವರಿಗೆ ಲೆಕ್ಕ ಎಲ್ಲಿ ತಪ್ಪಿದೆ ಎಂಬುದನ್ನು ಯಾರೂ ವಿವರಿಸಬೇಕಿರಲಿಲ್ಲ.

ಇಂಗ್ಲೆಂಡಿನ ಉತ್ತರದಿಂದ ಬಂದ ಕಿಡಿ

ಇಂಥದ್ದೇ ಜಗಳ ಹನ್ನೆರಡು ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲಿ ನಡೆದಿತ್ತು. ಯಾರ್ಕ್‌ಶೈರ್, ಲ್ಯಾಂಕಾಶೈರ್‌ಗಳ ಗಣಿ ಮತ್ತು ಗಿರಣಿ ಊರುಗಳ ಕ್ಲಬ್ಬುಗಳು ಆಟಕ್ಕಾಗಿ ಕೆಲಸ ತಪ್ಪಿಸಿಕೊಂಡ ಆಟಗಾರನಿಗೆ ಆ ದಿನದ ಕೂಲಿಯನ್ನಾದರೂ ಕೊಡೋಣ ಎಂದು ಕೇಳಿದವು. ಲಂಡನ್ನಿನ ಸಭ್ಯಸ್ಥರು ಒಪ್ಪಲಿಲ್ಲ. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲಿನಲ್ಲಿ ಸಭೆ ಸೇರಿದ ಆ ಕ್ಲಬ್ಬುಗಳು ರಗ್ಬಿ ಯೂನಿಯನ್ ತೊರೆದು ನಾರ್ದರ್ನ್ ಯೂನಿಯನ್ ಕಟ್ಟಿಕೊಂಡವು. ಕೆಲಸ ತಪ್ಪಿದ ದಿನಕ್ಕೆ ಗರಿಷ್ಠ 6 ಶಿಲ್ಲಿಂಗ್ ಪರಿಹಾರ ಎಂದು ಗೊತ್ತುಮಾಡಿದವು. ಮುಂದೆ ರಗ್ಬಿ ಲೀಗ್ ಎಂಬ ಬೇರೆಯೇ ಆಟವಾಗಿ ಬೆಳೆದದ್ದು ಈ ಒಡಕಿನಿಂದಲೇ.

ಆ ಕಿಡಿಯನ್ನು ದಕ್ಷಿಣ ಗೋಳಾರ್ಧಕ್ಕೆ ತಂದವನು ವೆಲಿಂಗ್ಟನ್ ನಗರದ ಅಂಚೆ ಇಲಾಖೆಯ ಗುಮಾಸ್ತ ಆಲ್ಬರ್ಟ್ ಬಾಸ್ಕರ್‌ವಿಲ್. ಇಪ್ಪತ್ತೈದೂ ತುಂಬಿರದ ಆ ಯುವಕ 1907ರಲ್ಲಿ ನಾರ್ದರ್ನ್ ಯೂನಿಯನ್‌ಗೆ ಪತ್ರ ಬರೆದು, ನ್ಯೂಜಿಲೆಂಡಿನ ಆಟಗಾರರನ್ನು ಒಟ್ಟುಮಾಡಿ, ಬ್ರಿಟನ್ ಪ್ರವಾಸಕ್ಕೆ ಹೊರಟ. ಹಣಕ್ಕಾಗಿ ಆಡುವವರೆಂದು ಹಂಗಿಸಲು ಪತ್ರಿಕೆಗಳು ಅವರನ್ನು ‘ಆಲ್ ಗೋಲ್ಡ್ಸ್’ ಎಂದು ಕರೆದವು. ಬ್ರಿಟನ್ನಿನ ಹಾದಿಯಲ್ಲಿ ಅವರು ಸಿಡ್ನಿಯಲ್ಲಿ ಇಳಿದು ಮೂರು ಪಂದ್ಯ ಆಡುವುದೆಂದು ಮಾತಾಯಿತು. ಅವರೆದುರು ಆಡಲು ಸಿಡ್ನಿಯಲ್ಲಿ ಯೂನಿಯನ್ನಿನ ಬೆದರಿಕೆಗೆ ಅಂಜದ ತಂಡವೊಂದು ಬೇಕಿತ್ತು.

ಮಾರ್ಕೆಟ್ ಸ್ಟ್ರೀಟಿನ ಅಂಗಡಿ

ಕ್ರಿಕೆಟ್ ಬಲ್ಲ ಕನ್ನಡಿಗರಿಗೆ ವಿಕ್ಟರ್ ಟ್ರಂಪರ್ ಹೊಸಬನಲ್ಲ. 1902ರಲ್ಲಿ ಓಲ್ಡ್ ಟ್ರಾಫರ್ಡ್‌ನ ಒದ್ದೆ ಪಿಚ್ಚಿನಲ್ಲಿ ಟೆಸ್ಟ್ ಪಂದ್ಯದ ಮೊದಲ ದಿನ ಊಟದ ವಿರಾಮಕ್ಕೆ ಮೊದಲೇ ಶತಕ ಹೊಡೆದವನು, ಬ್ರಾಡ್ಮನ್‌ಗಿಂತ ಮುಂಚಿನ ಆಸ್ಟ್ರೇಲಿಯಾದ ಕಣ್ಮಣಿ. ಸಿಡ್ನಿಯ ಮಾರ್ಕೆಟ್ ಸ್ಟ್ರೀಟಿನಲ್ಲಿ ಅವನದೊಂದು ಕ್ರೀಡಾ ಸಾಮಗ್ರಿಗಳ ಅಂಗಡಿ ಇತ್ತು. ರಗ್ಬಿ ಆಟಗಾರರ ಅಸಮಾಧಾನ ಮಾತಾಗಿ, ಮಾತು ಸಂಚಾಗಿ ಬೆಳೆದದ್ದು ಅಲ್ಲಿ. ಟ್ರಂಪರ್ ವ್ಯಾಪಾರದಲ್ಲಿ ಬಡವ, ಮನಸ್ಸಿನಲ್ಲಿ ಧಾರಾಳಿ. ಗಾಯಗೊಂಡ ಆಟಗಾರನ ಕಷ್ಟ ಅವನಿಗೆ ತನ್ನದೇ ಅನ್ನಿಸಿತು.

ಅವನ ಜೊತೆಗೆ ಇನ್ನಿಬ್ಬರು ನಿಂತರು. ಒಬ್ಬ ಜೇಮ್ಸ್ ಗಿಲ್ಟಿನನ್, ಲಾಭ-ನಷ್ಟಕ್ಕೆ ಹೆದರದ ಸಾಹಸಿ ವ್ಯಾಪಾರಿ. ಇನ್ನೊಬ್ಬ ಹ್ಯಾರಿ ಹಾಯ್ಲ್, ಕಮ್ಮಾರಿಕೆಯಿಂದ ಬದುಕು ಶುರುಮಾಡಿ ರೈಲ್ವೆ ಕಾರ್ಮಿಕರ ಸಂಘದ ಮುಂದಾಳಾಗಿ, ಶಾಸನಸಭೆಯನ್ನೂ ಕಂಡುಬಂದಿದ್ದ ರಾಜಕಾರಣಿ. 1907ರ ಆಗಸ್ಟ್ 8ರಂದು ಜಾರ್ಜ್ ಸ್ಟ್ರೀಟಿನ ಬೇಟ್‌ಮನ್ಸ್ ಕ್ರಿಸ್ಟಲ್ ಹೋಟೆಲಿನಲ್ಲಿ ಸಭೆ ಸೇರಿ ನ್ಯೂ ಸೌತ್ ವೇಲ್ಸ್ ರಗ್ಬಿ ಫುಟ್‌ಬಾಲ್ ಲೀಗ್ ಸ್ಥಾಪಿಸಿದರು. ಹಾಯ್ಲ್ ಅಧ್ಯಕ್ಷ, ಗಿಲ್ಟಿನನ್ ಕಾರ್ಯದರ್ಶಿ, ಟ್ರಂಪರ್ ಖಜಾಂಚಿ. ಹಣ ಹಾಕಬಲ್ಲವನು, ಕಾರ್ಮಿಕರ ಭಾಷೆ ಬಲ್ಲವನು, ಊರೇ ನಂಬುವವನು: ಮೂವರಲ್ಲಿ ಯಾರೊಬ್ಬರು ಇಲ್ಲದಿದ್ದರೂ ಗಾಡಿ ಮುಂದೆ ಹೋಗುತ್ತಿರಲಿಲ್ಲ.

ಜನ ಬರಬೇಕಾದರೆ ಒಬ್ಬ ತಾರೆ ಬೇಕು. ಸಿಡ್ನಿಯಲ್ಲಿ ಆಗ ಇದ್ದದ್ದು ಒಬ್ಬನೇ, ಡ್ಯಾಲಿ ಮೆಸೆಂಜರ್. ಡಬಲ್ ಬೇ ದಡದಲ್ಲಿ ದೋಣಿಮನೆ ನಡೆಸುತ್ತಿದ್ದ ಕುಟುಂಬದ ಹುಡುಗ. ಅಂಗಣದ ಎಲ್ಲಿಂದ ಬೇಕಾದರೂ ಗೋಲು ಒದೆಯಬಲ್ಲವನು. ಎದುರಾಳಿ ಹಿಡಿದೇಬಿಟ್ಟ ಎನ್ನುವಾಗ ನುಣುಚಿಕೊಳ್ಳುವವನು. ಜನ ಅವನನ್ನು ‘ದಿ ಮಾಸ್ಟರ್’ ಎನ್ನುತ್ತಿದ್ದರು. ಗಿಲ್ಟಿನನ್ ಹುಡುಗನನ್ನು ಕೇಳಿದ್ದಷ್ಟೇ ಅಲ್ಲ, ಮನೆಗೆ ಹೋಗಿ ತಾಯಿಯನ್ನೂ ಒಪ್ಪಿಸಿದ. ಮೆಸೆಂಜರ್ ಈ ಕಡೆ ಬಂದ ಎಂಬ ಸುದ್ದಿ ಹರಡಿದ್ದೇ ತಡ, ಹೊಸ ಆಟವನ್ನು ಯಾರೂ ತಮಾಷೆ ಎನ್ನದಂತಾಯಿತು. ಆಗಸ್ಟ್ 17ರಂದು ಸಿಡ್ನಿಯ ಕೃಷಿ ಪ್ರದರ್ಶನ ಮೈದಾನದಲ್ಲಿ ನಡೆದ ಮೊದಲ ಪಂದ್ಯಕ್ಕೆ 20,000 ಜನ ಬಂದರು. ಆಲ್ ಗೋಲ್ಡ್ಸ್ 12–8ರಿಂದ ಗೆದ್ದಿತು. ನಾರ್ದರ್ನ್ ಯೂನಿಯನ್ನಿನ ನಿಯಮದ ಪುಸ್ತಕ ಇನ್ನೂ ಕೈಗೆ ಬಂದಿರದಿದ್ದ ಕಾರಣ ಆ ಪಂದ್ಯಗಳನ್ನು ಹಳೆಯ ನಿಯಮಗಳಲ್ಲೇ ಆಡಿದರು. ಆಮೇಲೆ ಬಾಸ್ಕರ್‌ವಿಲ್ ಮೆಸೆಂಜರ್‌ನನ್ನು ತನ್ನ ಜೊತೆ ಬ್ರಿಟನ್ನಿಗೆ ಕರೆದೊಯ್ದ. ಆ ಪ್ರವಾಸದಲ್ಲಿ ಅತಿ ಹೆಚ್ಚು ಅಂಕ ಗಳಿಸಿದವನು ಈ ಒಬ್ಬನೇ ಆಸ್ಟ್ರೇಲಿಯನ್. ಸಿಡ್ನಿಯ ಆ ಪಂದ್ಯಗಳಲ್ಲಿ ಆಡಿದವರಿಗೆಲ್ಲ ರಗ್ಬಿ ಯೂನಿಯನ್ ಬಾಗಿಲು ಮುಚ್ಚಿತು.

ಇದೇ ತಿಂಗಳುಗಳಲ್ಲಿ ಆಸ್ಟ್ರೇಲಿಯಾ ಇನ್ನೊಂದು ಪ್ರಶ್ನೆಯನ್ನೂ ಬಿಡಿಸುತ್ತಿತ್ತು. 1907ರ ನವೆಂಬರ್ 8ರಂದು ನ್ಯಾಯಮೂರ್ತಿ ಎಚ್.ಬಿ. ಹಿಗಿನ್ಸ್ ಹಾರ್ವೆಸ್ಟರ್ ಪ್ರಕರಣದಲ್ಲಿ ತೀರ್ಪು ಕೊಟ್ಟ: ಹೆಂಡತಿ, ಮೂವರು ಮಕ್ಕಳಿರುವ ಸಾಮಾನ್ಯ ಕೂಲಿಗಾರ ಮನುಷ್ಯನಂತೆ ಬದುಕಲು ದಿನಕ್ಕೆ 7 ಶಿಲ್ಲಿಂಗ್ ಬೇಕು, ಅದಕ್ಕಿಂತ ಕಡಿಮೆ ಕೂಲಿ ನ್ಯಾಯವಲ್ಲ. ದುಡಿದವನಿಗೆ ಸಲ್ಲಬೇಕಾದ್ದು ಎಷ್ಟು ಎಂಬ ಮಾತು ಕಾರ್ಖಾನೆಯಲ್ಲೂ ನ್ಯಾಯಾಲಯದಲ್ಲೂ ನಡೆಯುತ್ತಿದ್ದಾಗ ಮೈದಾನವೊಂದು ಅದರಿಂದ ಹೊರಗುಳಿಯುವುದು ಹೇಗೆ?

ಪುರಭವನಗಳಲ್ಲಿ ಹುಟ್ಟಿದ ತಂಡಗಳು

ಮೂರು ಪಂದ್ಯ ಆಡಿಸುವುದು ಬೇರೆ, ವರ್ಷವರ್ಷವೂ ನಡೆಯುವ ಲೀಗ್ ಕಟ್ಟುವುದು ಬೇರೆ. ಒಂದು ತಂಡವನ್ನು ತಾರೆಯೊಬ್ಬನ ಹೆಸರಿನಲ್ಲಿ ಒಟ್ಟುಮಾಡಬಹುದು. ಪ್ರತಿ ಶನಿವಾರವೂ ಜನ ಬರಬೇಕೆಂದರೆ ಆ ತಂಡ ಅವರ ಓಣಿಯದಾಗಿರಬೇಕು. ಲೀಗ್‌ನವರು ಮಾಡಿದ ಅತ್ಯಂತ ಜಾಣ ಕೆಲಸ ಇದೇ ಎಂಬುದು ನನ್ನ ನಂಬಿಕೆ. ರಗ್ಬಿ ಯೂನಿಯನ್ ಆಗಲೇ ಬಡಾವಣೆಗೊಂದು ತಂಡದ ಪದ್ಧತಿ ನಡೆಸುತ್ತಿತ್ತು. ಇವರು ಅದೇ ನಕ್ಷೆ ಹಿಡಿದು ಒಂದೊಂದೇ ಬಡಾವಣೆಗೆ ಹೋದರು.

1908ರ ಜನವರಿಯ ಬಿರುಬೇಸಿಗೆಯಲ್ಲಿ ಪುರಭವನಗಳ ಬಾಗಿಲು ತೆರೆದವು. 9ರಂದು ಗ್ಲೀಬ್ ಪುರಭವನದಲ್ಲಿ ಗ್ಲೀಬ್ ತಂಡ ಹುಟ್ಟಿತು. ನ್ಯೂಟೌನ್‌ನವರು ತಮ್ಮದು ಅದಕ್ಕೂ ಒಂದು ದಿನ ಮೊದಲು ಎಂದು ಇಂದಿಗೂ ವಾದಿಸುತ್ತಾರೆ. 17ರಂದು ರೆಡ್‌ಫರ್ನ್ ಪುರಭವನದಲ್ಲಿ ಸೌತ್ ಸಿಡ್ನಿ, 23ರಂದು ಬಾಲ್ಮೇನ್, 24ರಂದು ಪ್ಯಾಡಿಂಗ್ಟನ್ ಪುರಭವನದಲ್ಲಿ ಈಸ್ಟರ್ನ್ ಸಬರ್ಬ್ಸ್. ಫೆಬ್ರವರಿ ಮೊದಲ ವಾರದಲ್ಲಿ ಆಶ್‌ಫೀಲ್ಡ್‌ನಲ್ಲಿ ವೆಸ್ಟರ್ನ್ ಸಬರ್ಬ್ಸ್, ಬಂದರಿನಾಚೆ ನಾರ್ತ್ ಸಿಡ್ನಿ. ನೂರೈವತ್ತು ಕಿಲೋಮೀಟರು ಆಚೆಯ ಕಲ್ಲಿದ್ದಲಿನ ಊರು ನ್ಯೂಕಾಸಲ್ ಏಪ್ರಿಲ್‌ನಲ್ಲಿ ಸೇರಿಕೊಂಡಿತು. ಪ್ಯಾರಮಟ್ಟಾ ಕಡೆಯ ಕಂಬರ್ಲೆಂಡ್ ತಂಡ ಋತು ಶುರುವಾದ ಮೇಲೆ ಓಡೋಡಿ ಬಂದು ಒಂಬತ್ತನೆಯದಾಯಿತು.

ಈ ಹೆಸರುಗಳ ಹಿಂದಿನ ನೆಲವನ್ನು ನೋಡಬೇಕು. ರೆಡ್‌ಫರ್ನ್‌ನ ಪಕ್ಕದಲ್ಲೇ ಈವ್ಲಿ ರೈಲ್ವೆ ವರ್ಕ್‌ಶಾಪ್, ಸಾವಿರಾರು ಕಮ್ಮಾರರು, ಬಾಯ್ಲರ್ ಕೆಲಸಗಾರರು. ಬಾಲ್ಮೇನ್‌ನಲ್ಲಿ ಹಡಗು ಕಟ್ಟುವ ಮಾರ್ಟ್ಸ್ ಡಾಕ್, ಜೊತೆಗೆ ಕಲ್ಲಿದ್ದಲ ಗಣಿ. 1891ರಲ್ಲಿ ಲೇಬರ್ ಪಕ್ಷದ ಮೊದಲ ಶಾಖೆ ಹುಟ್ಟಿದ್ದೂ ಅಲ್ಲೇ. ಒಂದು ಗೋಡೆಗೆ ಎರಡು ಮನೆ ಅಂಟಿಕೊಂಡ ಇಕ್ಕಟ್ಟಿನ ಬೀದಿಗಳು. ಆಟಗಾರ ಬೆಳಿಗ್ಗೆ ಅದೇ ಬೀದಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದ, ಸಂಜೆ ಅದೇ ಬೀದಿಯ ಹುಡುಗರ ಜೊತೆ ಅಭ್ಯಾಸ ಮಾಡುತ್ತಿದ್ದ. ಸೌತ್ ಸಿಡ್ನಿಯವರ ಅಂಗಿ ಕೆಂಪು-ಹಸಿರು, ಬಾಲ್ಮೇನ್‌ನದು ಕಪ್ಪು-ಹಳದಿ, ಈಸ್ಟ್ಸ್‌ನದು ಕೆಂಪು-ಬಿಳಿ-ನೀಲಿ. ಸೌತ್‌ನವರಿಗೆ ಮುಂದೆ ‘ರ‍್ಯಾಬಿಟೋಸ್’ ಎಂಬ ಅಡ್ಡಹೆಸರು ಅಂಟಿತು. ಶನಿವಾರ ಬೆಳಿಗ್ಗೆ ಬೀದಿಬೀದಿ ಕೂಗುತ್ತ ಮೊಲದ ಮಾಂಸ ಮಾರಿ ಮಧ್ಯಾಹ್ನ ಆಡಲು ಬರುತ್ತಿದ್ದ ಹುಡುಗರಿಂದ ಅದು ಬಂತು ಎಂದು ಕೆಲವರು. ಬಡವರೆಂದು ಹಂಗಿಸಲು ಎದುರಾಳಿಗಳು ಇಟ್ಟದ್ದು ಎಂದು ಕೆಲವರು. ಹಂಗಿಸಿದ ಮಾತನ್ನೇ ಬಾವುಟವಾಗಿ ಎತ್ತಿಕೊಂಡ ಕ್ಲಬ್ ಅದು.

ಹದಿಮೂರು ಜನರ ಆಟ

ಹೊಸ ಲೀಗ್ ನಾರ್ದರ್ನ್ ಯೂನಿಯನ್ನಿನ ನಿಯಮಗಳನ್ನು ಹಾಗೆಯೇ ತಂದುಕೊಂಡಿತು. ಹಳೆಯ ರಗ್ಬಿಯಲ್ಲಿ ತಂಡಕ್ಕೆ ಹದಿನೈದು ಜನ, ಇಲ್ಲಿ ಹದಿಮೂರು. ಚೆಂಡು ಅಂಗಣದಾಚೆ ಹೋದರೆ ಎರಡೂ ಕಡೆಯವರು ಸಾಲುಗಟ್ಟಿ ನೆಗೆಯುವ ಲೈನ್‌ಔಟ್ ಇಲ್ಲ. ಚೆಂಡು ಹಿಡಿದವನನ್ನು ಕೆಡವಿದರೆ ಮೈಮೇಲೆ ಮೈ ಬಿದ್ದು ರಾಶಿಯಾಗುವ ಹಾಗಿಲ್ಲ. ಅವನನ್ನು ಏಳಲು ಬಿಡಬೇಕು, ಅವನು ಚೆಂಡನ್ನು ನೆಲಕ್ಕಿಟ್ಟು ಕಾಲಿನಿಂದ ಆಟ ಮುಂದುವರಿಸಬೇಕು. ಕಬಡ್ಡಿಯನ್ನು ನೋಡುತ್ತ ಬೆಳೆದ ನಮಗೆ ಈ ಆಟದ ಜೀವ ಎಲ್ಲಿದೆ ಎಂದು ಬೇಗ ತಿಳಿಯುತ್ತದೆ: ಒಬ್ಬನ ಓಟ, ಅವನ ಮೇಲೆ ಎರಗುವ ಹಿಡಿತ, ಬಿಡಿಸಿಕೊಳ್ಳುವ ಆ ಒಂದು ಕ್ಷಣ. ಗೆರೆ ದಾಟಿ ಚೆಂಡು ಊರಿದರೆ ಟ್ರೈ, ಅದಕ್ಕೆ 3 ಅಂಕ, ಗೋಲಿಗೆ 2.

ಇಬ್ಬರಿಬ್ಬರು ಕಡಿಮೆಯಾದದ್ದರಿಂದ ಅಂಗಣದಲ್ಲಿ ಜಾಗ ತೆರೆಯಿತು, ಓಟ ಹೆಚ್ಚಾಯಿತು. ಟಿಕೆಟ್ ಕೊಂಡು ಬಂದವನಿಗೆ ಕಾಲುಗಳ ರಾಶಿಗಿಂತ ಚೆಂಡು ಕಾಣಬೇಕು ಎಂಬುದನ್ನು ಗಿರಣಿ ಊರುಗಳ ಕ್ಲಬ್ಬುಗಳು ಬಹಳ ಹಿಂದೆಯೇ ಅರಿತಿದ್ದವು. ಗಾಯಗೊಂಡವನ ಆಸ್ಪತ್ರೆ ಖರ್ಚು, ತಪ್ಪಿದ ಕೂಲಿ ಇವೆಲ್ಲ ಆ ಟಿಕೆಟ್ ಹಣದಿಂದಲೇ ಬರಬೇಕಾಗಿತ್ತು. ನೋಡುವವನ ಖುಷಿಗೂ ಆಡುವವನ ಅನ್ನಕ್ಕೂ ನೇರ ನಂಟು ಬೆಸೆದ ನಿಯಮಗಳಿವು.

ಈಸ್ಟರ್ ಸೋಮವಾರ

1908ರ ಏಪ್ರಿಲ್ 20, ಈಸ್ಟರ್ ಸೋಮವಾರ. ಕಂಬರ್ಲೆಂಡ್ ಇನ್ನೂ ಸೇರಿರಲಿಲ್ಲ. ಉಳಿದ ಎಂಟು ತಂಡಗಳು ಎರಡು ಮೈದಾನಗಳಲ್ಲಿ ನಾಲ್ಕು ಪಂದ್ಯ ಆಡಿದವು. ಗ್ಲೀಬ್ ಬಳಿಯ ವೆಂಟ್‌ವರ್ತ್ ಪಾರ್ಕಿನಲ್ಲಿ ಈಸ್ಟರ್ನ್ ಸಬರ್ಬ್ಸ್ ನ್ಯೂಟೌನ್ ಅನ್ನು 32–16ರಿಂದ ಸೋಲಿಸಿತು, ಗ್ಲೀಬ್ ನ್ಯೂಕಾಸಲ್ ವಿರುದ್ಧ 8–5ರಿಂದ ಪಾರಾಯಿತು. ಬಾಲ್ಮೇನ್‌ನಲ್ಲಿ, ಬಂದರಿನ ನೀರಿಗೆ ಒತ್ತಿಕೊಂಡಿರುವ ಬರ್ಚ್‌ಗ್ರೋವ್ ಓವಲ್‌ನಲ್ಲಿ ಸೌತ್ ಸಿಡ್ನಿ ನಾರ್ತ್ ಸಿಡ್ನಿಯನ್ನು 11–7ರಿಂದ, ಬಾಲ್ಮೇನ್ ವೆಸ್ಟರ್ನ್ ಸಬರ್ಬ್ಸ್ ಅನ್ನು 24–0ರಿಂದ ಗೆದ್ದವು. ಆಸ್ಟ್ರೇಲಿಯಾದ ರಗ್ಬಿ ಲೀಗಿನ ಎಣಿಕೆ ಈ ನಾಲ್ಕು ಫಲಿತಾಂಶಗಳಿಂದ ಶುರುವಾಗುತ್ತದೆ.

ಮೈದಾನ ಸಿಗುವುದೇ ದೊಡ್ಡ ಕಷ್ಟವಾಗಿತ್ತು. ಸಿಡ್ನಿ ಕ್ರಿಕೆಟ್ ಮೈದಾನ ಆಗ ಯೂನಿಯನ್ನಿನ ಕೈಯಲ್ಲಿತ್ತು. ಲೀಗಿಗೆ ಅಲ್ಲಿ ಕಾಲಿಡಲು 1911ರವರೆಗೆ ಕಾಯಬೇಕಾಯಿತು. ಕೃಷಿ ಸಂಘದವರು ತಮ್ಮ ಪ್ರದರ್ಶನ ಮೈದಾನವನ್ನು ಕೊಟ್ಟರು, ಗೆದ್ದವರಿಗೆಂದು ಒಂದು ಫಲಕವನ್ನೂ ಇಟ್ಟರು. ಒಂದೇ ಮೈದಾನದಲ್ಲಿ ಒಂದರ ಹಿಂದೊಂದು ಪಂದ್ಯ ಆಡಿಸಿ ಟಿಕೆಟ್ ಹಣವನ್ನು ಹೊಂದಿಸಿಕೊಳ್ಳುವುದು ವಾಡಿಕೆಯಾಯಿತು. ನ್ಯೂಕಾಸಲ್‌ನವರು ರೈಲು ಹತ್ತಿ ಬಂದು ಆಡಿ ಹೋಗುತ್ತಿದ್ದರು.

ಎಲ್ಲ ತಂಡಗಳ ಭಾಗ್ಯವೂ ಒಂದೇ ಆಗಿರಲಿಲ್ಲ. ಕಂಬರ್ಲೆಂಡ್ ತಂಡ ಇಡೀ ಋತುವಿನಲ್ಲಿ ವೆಸ್ಟರ್ನ್ ಸಬರ್ಬ್ಸ್ ವಿರುದ್ಧ ಒಂದೇ ಒಂದು ಪಂದ್ಯ ಗೆದ್ದು, ಮರುವರ್ಷ ಇಲ್ಲವಾಯಿತು. ಆ ತಂಡ ಪ್ರತಿನಿಧಿಸಿದ ನೆಲ ಇಂದು ಸಿಡ್ನಿಯ ಭಾರತೀಯರಿಗೆ ಚಿರಪರಿಚಿತ. ಹ್ಯಾರಿಸ್ ಪಾರ್ಕ್, ವೆಂಟ್‌ವರ್ತ್‌ವಿಲ್‌ಗಳ ಬೀದಿಗಳಲ್ಲಿ ಈಗ ದೋಸೆ ಹೋಟೆಲುಗಳಿವೆ, ದಿನಸಿ ಅಂಗಡಿಗಳಿವೆ. ಕನ್ನಡದ ಕುಟುಂಬಗಳೂ ಆ ಪಶ್ಚಿಮದ ಬಡಾವಣೆಗಳಲ್ಲಿ ನೆಲೆಸಿವೆ. ಅಲ್ಲಿನ ಮಕ್ಕಳು ಇಂದು ಕೂಗು ಹಾಕುವುದು 1947ರಲ್ಲಿ ಲೀಗ್ ಸೇರಿದ ಪ್ಯಾರಮಟ್ಟಾ ತಂಡಕ್ಕೆ. ಆ ಮಕ್ಕಳ ಊರಿಗೂ ಮೊದಲ ಋತುವಿನಲ್ಲಿ ಒಂದು ಸ್ಥಾನವಿತ್ತು.

ಗೆಲುವು, ಸಾವು, ಹಡಗು

ಲೀಗ್ ಪಂದ್ಯಗಳು ಒಂದು ಕಡೆ ನಡೆಯುತ್ತಿದ್ದಂತೆ ದೊಡ್ಡ ಪಂದ್ಯಗಳು ಇನ್ನೊಂದು ಕಡೆ ಜನರನ್ನು ಸೆಳೆಯುತ್ತಿದ್ದವು. ಆಲ್ ಗೋಲ್ಡ್ಸ್ ತಂಡ ಬ್ರಿಟನ್ನಿನಿಂದ ಮರಳುವಾಗ ಮತ್ತೆ ಸಿಡ್ನಿಯಲ್ಲಿ ಇಳಿಯಿತು. ಮೇ 9ರಂದು ಆಸ್ಟ್ರೇಲಿಯಾ ತನ್ನ ಮೊದಲ ರಗ್ಬಿ ಲೀಗ್ ಟೆಸ್ಟ್ ಆಡಿತು. ಸೌತ್ ಸಿಡ್ನಿಯನ್ನು ಕಟ್ಟಿದವರಲ್ಲಿ ಮುಖ್ಯನಾದ ಆರ್ಥರ್ ಹೆನೆಸಿ ನಾಯಕ. ನ್ಯೂಜಿಲೆಂಡ್ 11–10ರಿಂದ, ಒಂದೇ ಅಂಕದಿಂದ ಗೆದ್ದಿತು.

ಹನ್ನೊಂದು ದಿನಗಳ ಬಳಿಕ, ಮೇ 20ರಂದು, ಆಲ್ಬರ್ಟ್ ಬಾಸ್ಕರ್‌ವಿಲ್ ಬ್ರಿಸ್ಬೇನಿನಲ್ಲಿ ನ್ಯುಮೋನಿಯಾದಿಂದ ತೀರಿಕೊಂಡ. ವಯಸ್ಸು 25. ಜಗತ್ತಿನ ಇನ್ನೊಂದು ತುದಿಗೆ ತಂಡ ಕರೆದೊಯ್ದು, ಯಾರ ಬಾಕಿಯನ್ನೂ ಇಟ್ಟುಕೊಳ್ಳದೆ ಮರಳಿ ಕರೆತಂದಿದ್ದವನಿಗೆ ಮನೆ ಸೇರುವ ಭಾಗ್ಯವಿರಲಿಲ್ಲ. ಜೂನ್‌ನಲ್ಲಿ ಅವನ ಗೆಳೆಯರು ವೆಲಿಂಗ್ಟನ್‌ನಲ್ಲಿ ಒಂದು ಪಂದ್ಯ ಆಡಿ ಬಂದ ಹಣವನ್ನು ಅವನ ತಾಯಿಗೆ ಕೊಟ್ಟರು. ಹೊಸ ನಿಯಮಗಳಲ್ಲಿ ನ್ಯೂಜಿಲೆಂಡಿನ ನೆಲದಲ್ಲಿ ನಡೆದ ಮೊದಲ ಪಂದ್ಯವದು. ಗಂಡಾಳು ಬಿದ್ದರೆ ಅವನ ಮನೆಯನ್ನು ಆಟ ನೋಡಿಕೊಳ್ಳಬೇಕು ಎಂಬ ಮಾತಿಗಾಗಿಯೇ ಈ ಜನ ಹೊರಬಿದ್ದಿದ್ದರು. ಆ ಮಾತನ್ನು ತಮ್ಮ ಮುಂದಾಳಿನ ವಿಷಯದಲ್ಲೇ ಮೊದಲು ನಡೆಸಿಕೊಡಬೇಕಾಗಿ ಬಂತು.

ಜುಲೈಯಲ್ಲಿ ಕ್ವೀನ್ಸ್‌ಲೆಂಡ್ ತಂಡ ಮೊದಲ ಸಲ ಬಂದು ನ್ಯೂ ಸೌತ್ ವೇಲ್ಸ್ ಎದುರು 43–0ರಿಂದ ಸೋತು ಹೋಯಿತು. ಇಂದು ಆ ಎರಡು ರಾಜ್ಯಗಳ ನಡುವಿನ ‘ಸ್ಟೇಟ್ ಆಫ್ ಒರಿಜಿನ್’ ಪಂದ್ಯಗಳಿಗೆ ಇಡೀ ದೇಶ ಟಿವಿ ಮುಂದೆ ಕೂರುತ್ತದೆ. ನ್ಯೂಜಿಲೆಂಡಿನ ಮಾವೋರಿ ತಂಡವೂ ಅದೇ ಚಳಿಗಾಲದಲ್ಲಿ ಪ್ರವಾಸ ಬಂತು. ಆ ಪಂದ್ಯಗಳ ಹಣ ಲೀಗಿನ ಬಡ ಖಜಾನೆಗೆ ಉಸಿರು ಕೊಟ್ಟಿತು.

ಗಿಲ್ಟಿನನ್‌ಗೆ ಅಷ್ಟರಿಂದ ತೃಪ್ತಿಯಾಗಲಿಲ್ಲ. ಆಸ್ಟ್ರೇಲಿಯಾದ ತಂಡವನ್ನೇ ಬ್ರಿಟನ್ನಿಗೆ ಕರೆದೊಯ್ಯುವ ಯೋಜನೆ ಹಾಕಿದ, ಖರ್ಚಿನ ಭಾರವನ್ನು ತಾನೇ ಹೊತ್ತ. ಆಗಸ್ಟ್ 15ರಂದು ‘ಮ್ಯಾಸಿಡೋನಿಯಾ’ ಹಡಗು ಮೂವತ್ತಕ್ಕೂ ಹೆಚ್ಚು ಆಟಗಾರರನ್ನು ಹೊತ್ತು ಸಿಡ್ನಿ ಬಿಟ್ಟಿತು. ನಾರ್ತ್ ಸಿಡ್ನಿಯ ಡಿನ್ನಿ ಲಟ್ಜ್ ನಾಯಕ. ಮೆಸೆಂಜರ್, ಹೆನೆಸಿ, ಬರ್ಡನ್ ಎಲ್ಲರೂ ಅದರಲ್ಲಿದ್ದರು. ಲೀಗಿನ ಕಾರ್ಯದರ್ಶಿಯೂ ಅದೇ ಹಡಗಿನಲ್ಲಿ. ಊರಲ್ಲಿ ಲೀಗ್ ಇನ್ನೂ ಮುಗಿದಿರಲಿಲ್ಲ. ಫೈನಲ್‌ಗೆ ಎರಡು ವಾರ ಬಾಕಿ ಇತ್ತು.

ತಾರೆಗಳಿಲ್ಲದ ಫೈನಲ್

ಫೈನಲ್ ತಲುಪಿದ ಎರಡೂ ತಂಡಗಳು ಅರೆಬರೆಯಾಗಿದ್ದವು. ಈಸ್ಟರ್ನ್ ಸಬರ್ಬ್ಸ್‌ಗೆ ಮೆಸೆಂಜರ್ ಇಲ್ಲ, ಚುರುಕಿನ ಆಲ್ಬರ್ಟ್ ರೋಸೆನ್‌ಫೆಲ್ಡ್ ಇಲ್ಲ. ಸೌತ್ ಸಿಡ್ನಿಗೆ ಹೆನೆಸಿ ಇಲ್ಲ. ಊರಿನ ಗಮನವೂ ಬೇರೆ ಕಡೆ ಇತ್ತು. ಆಗಸ್ಟ್ 20ರಂದು ಅಮೆರಿಕದ ‘ಗ್ರೇಟ್ ವೈಟ್ ಫ್ಲೀಟ್’ ಯುದ್ಧನೌಕೆಗಳ ದಂಡು ಸಿಡ್ನಿ ಬಂದರಿಗೆ ಬಂದು, ಲಕ್ಷಾಂತರ ಜನ ಬಂಡೆಗಳ ಮೇಲೆ, ಗುಡ್ಡಗಳ ಮೇಲೆ ನಿಂತು ನೋಡಿದ್ದರು. ಆ ಸಂಭ್ರಮದ ಬೆನ್ನಿಗೇ ಆಗಸ್ಟ್ 29ರ ಶನಿವಾರ ಕೃಷಿ ಪ್ರದರ್ಶನ ಮೈದಾನದಲ್ಲಿ ಲೀಗಿನ ಮೊದಲ ಫೈನಲ್ ನಡೆಯಿತು. ಬಂದ ಜನ ಸುಮಾರು 4,000.

ಹದಿಮೂರು ತಿಂಗಳ ಹಿಂದಿನ 52,000ದ ಎದುರು ಈ ಸಂಖ್ಯೆಯನ್ನಿಟ್ಟು ನೋಡಿದ ಯೂನಿಯನ್ನಿನವರಿಗೆ ದಂಗೆ ಅಡಗಿತು ಎಂದೇ ತೋರಿರಬೇಕು. ಆದರೆ ಬಂದಿದ್ದ ಆ 4,000 ಜನ ಯಾರು ಎಂದು ಯೋಚಿಸಬೇಕು. ಮೆಸೆಂಜರ್‌ನನ್ನು ನೋಡಲು ಬಂದವರಲ್ಲ, ಅವನು ಸಮುದ್ರದ ಮೇಲಿದ್ದ. ವಿದೇಶಿ ತಂಡ ನೋಡಲು ಬಂದವರೂ ಅಲ್ಲ. ರೆಡ್‌ಫರ್ನ್‌ನವರು ರೆಡ್‌ಫರ್ನ್‌ಗಾಗಿ, ಪ್ಯಾಡಿಂಗ್ಟನ್‌ನವರು ಪ್ಯಾಡಿಂಗ್ಟನ್‌ಗಾಗಿ ಬಂದಿದ್ದರು. ಪಂದ್ಯ ಕೊನೆಯವರೆಗೂ ತೂಗುಯ್ಯಾಲೆಯಾಡಿ ಸೌತ್ ಸಿಡ್ನಿ 14–12ರಿಂದ ಗೆದ್ದಿತು. ಒಂದು ಗೋಲಿನ ಅಂತರ. ಲೀಗಿನ ಮೊದಲ ಪ್ರಶಸ್ತಿ ರೈಲ್ವೆ ವರ್ಕ್‌ಶಾಪಿನ ನೆರೆಹೊರೆಗೆ ಹೋಯಿತು.

ಸಾಲ, ಆರೋಪ, ತಿರುವು

ಆಮೇಲಿನ ವರ್ಷ ಕಹಿಯಾಗಿತ್ತು. ‘ಕಾಂಗರೂಸ್’ ಎನಿಸಿಕೊಂಡ ಪ್ರವಾಸಿ ತಂಡಕ್ಕೆ ಬ್ರಿಟನ್ನಿನಲ್ಲಿ ಕೊರೆಯುವ ಚಳಿ ಕಾದಿತ್ತು. ಲ್ಯಾಂಕಾಶೈರ್‌ನ ಹತ್ತಿ ಗಿರಣಿಗಳು ಕಾರ್ಮಿಕರ ಜಗಳದಲ್ಲಿ ಮುಚ್ಚಿ, ಟಿಕೆಟ್ ಕೊಳ್ಳಬೇಕಾದವರ ಜೇಬೇ ಬರಿದಾಗಿತ್ತು. ಡಿಸೆಂಬರ್ 12ರಂದು ಲಂಡನ್ನಿನ ಪಾರ್ಕ್ ರಾಯಲ್‌ನಲ್ಲಿ ನಡೆದ ಮೊದಲ ಟೆಸ್ಟ್ 22–22ರ ಸಮಬಲ. ಮುಂದಿನ ಎರಡೂ ಸೋಲು. ಕೊನೆಗೆ ಆಟಗಾರರ ಮನೆಗೆ ಮರಳುವ ಹಡಗಿನ ಖರ್ಚನ್ನು ನಾರ್ದರ್ನ್ ಯೂನಿಯನ್ ಭರಿಸಬೇಕಾಯಿತು. ಗಿಲ್ಟಿನನ್ ದಿವಾಳಿಯಾದ. ರೋಸೆನ್‌ಫೆಲ್ಡ್ ಮೊದಲಾದ ಕೆಲವರು ಇಂಗ್ಲಿಷ್ ಕ್ಲಬ್ಬುಗಳಲ್ಲೇ ಉಳಿದರು. ಹಡರ್ಸ್‌ಫೀಲ್ಡ್ ಸೇರಿದ ರೋಸೆನ್‌ಫೆಲ್ಡ್ 1913–14ರ ಒಂದೇ ಋತುವಿನಲ್ಲಿ 80 ಟ್ರೈ ಗಳಿಸಿದ. ಆ ದಾಖಲೆಯನ್ನು ಇಂದಿಗೂ ಯಾರೂ ಮುರಿದಿಲ್ಲ.

ಸಿಡ್ನಿಯಲ್ಲಿ ಲೀಗಿನ ಲೆಕ್ಕಪತ್ರಗಳ ಬಗ್ಗೆ ಪ್ರಶ್ನೆಗಳೆದ್ದವು. 1909ರಲ್ಲಿ ಹಾಯ್ಲ್, ಗಿಲ್ಟಿನನ್, ಟ್ರಂಪರ್ ಮೂವರೂ ಹುದ್ದೆ ಕಳೆದುಕೊಂಡರು. ಕಟ್ಟಿದವರನ್ನೇ ಹೊರಗೆ ಹಾಕಿದ ಸಂಸ್ಥೆಯ ಮೇಲೆ ಇಂದಿಗೂ ಓದುವವರಿಗೆ ಬೇಸರ ಬರುತ್ತದೆ, ನನಗೂ ಬರುತ್ತದೆ. ಟ್ರಂಪರ್ 1915ರಲ್ಲಿ ಮೂತ್ರಪಿಂಡದ ಕಾಯಿಲೆಯಿಂದ 37ನೆಯ ವಯಸ್ಸಿಗೇ ತೀರಿಕೊಂಡ. ತಾನು ಖಜಾಂಚಿಯಾಗಿದ್ದ ಲೀಗ್ ನಗರದ ಮುಖ್ಯ ಆಟವಾಗಿ ಬೆಳೆದದ್ದನ್ನು ಅಷ್ಟರಲ್ಲಿ ಅವನು ಕಂಡಿದ್ದ ಎಂಬುದೊಂದು ಸಮಾಧಾನ.

ಹಾಗೆ ಬೆಳೆಯಲು ಇನ್ನೊಂದು ಘಟನೆ ನೆರವಾಯಿತು. ಯೂನಿಯನ್ನಿನ ವಾಲಬೀಸ್ ತಂಡ 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ರಗ್ಬಿ ಚಿನ್ನ ಗೆದ್ದು ಮರಳಿತ್ತು. ಆ ದೀರ್ಘ ಪ್ರವಾಸದುದ್ದಕ್ಕೂ ಆಟಗಾರರ ಕೈಖರ್ಚಿಗೆ ಸಿಕ್ಕಿದ್ದು ದಿನಕ್ಕೆ 3 ಶಿಲ್ಲಿಂಗ್. ಚಿನ್ನ ಗೆದ್ದವರ ಮನೆಯಲ್ಲೂ ಬಾಡಿಗೆ ಬಾಕಿ ಇರುತ್ತದಲ್ಲ! 1909ರ ಸೆಪ್ಟೆಂಬರ್‌ನಲ್ಲಿ ಜಾಯ್ನ್ಟನ್ ಸ್ಮಿತ್ ಎಂಬ ಶ್ರೀಮಂತ ಉದ್ಯಮಿ ಹಣ ಹೂಡಿ ವಾಲಬೀಸ್–ಕಾಂಗರೂಸ್ ಪಂದ್ಯಗಳನ್ನು ಏರ್ಪಡಿಸಿದಾಗ ಆ ತಂಡದ ಹಲವು ಆಟಗಾರರು ಲೀಗಿಗೆ ಬಂದುಬಿಟ್ಟರು. ಮರುವರ್ಷ ಬ್ರಿಟನ್ನಿನ ತಂಡ ಪ್ರವಾಸ ಬಂದಾಗ ಸಿಡ್ನಿಯ ಜನ ಯಾವ ಕಡೆ ಎಂಬುದು ತೀರ್ಮಾನವಾಗಿ ಹೋಗಿತ್ತು.

ಯಾರು ಉಳಿಸಿದರು?

ಲೀಗಿನ ಕಥೆ ಹೇಳುವಾಗ ಎಲ್ಲರೂ ಮೆಸೆಂಜರ್‌ನನ್ನು, ಸ್ಮಿತ್‌ನ ಹಣವನ್ನು ನೆನೆಯುತ್ತಾರೆ. ಅವರ ಪಾಲು ಸಣ್ಣದಲ್ಲ. ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಪದಕಕ್ಕೆ ‘ಡ್ಯಾಲಿ ಎಂ’ ಎಂದೇ ಹೆಸರು. ಲೀಗ್ ಹಂತದಲ್ಲಿ ಮೊದಲ ಸ್ಥಾನ ಪಡೆದ ತಂಡಕ್ಕೆ ಸಿಗುವ ಫಲಕ ಗಿಲ್ಟಿನನ್ ಹೆಸರಿನದು. ದಿವಾಳಿಯೆಂದು ಬಿಟ್ಟುಹಾಕಿದವನನ್ನು ಕೊನೆಗಾದರೂ ಗೌರವಿಸಿದ್ದು ಒಳ್ಳೆಯದೇ ಆಯಿತು.

ಆದರೂ 1908ರ ಕೊನೆಯ ಎರಡು ವಾರಗಳನ್ನು ನೋಡಿದರೆ ನನಗೆ ಬೇರೆಯೇ ಸತ್ಯ ಕಾಣುತ್ತದೆ. ತಾರೆಗಳು ಹಡಗು ಹತ್ತಿದ್ದರು, ಹಣ ಹಾಕುವವನೂ ಹತ್ತಿದ್ದ. ಬಾಸ್ಕರ್‌ವಿಲ್ ಮಣ್ಣಾಗಿದ್ದ. ಸ್ಮಿತ್ ಇನ್ನೂ ಬಂದಿರಲಿಲ್ಲ. ಆ ಹೊತ್ತಿನಲ್ಲಿ ಲೀಗನ್ನು ನಡೆಸಿದ್ದು ಪುರಭವನದ ಸಭೆಗಳಲ್ಲಿ ಕೈಯೆತ್ತಿದ ಬಡಾವಣೆಗಳ ಜನ. ನೋಡುವವರು ಕಡಿಮೆಯಾದರೂ ಪಂದ್ಯಗಳನ್ನು ಮುಗಿಸಿ, ಫಲಕ ಕೊಟ್ಟು, ಮುಂದಿನ ವರ್ಷ ಮತ್ತೆ ಆಡುವುದೆಂದು ಅವರು ನಿಶ್ಚಯಿಸದಿದ್ದರೆ ಸ್ಮಿತ್‌ಗೆ ಹಣ ಹೂಡಲು ಲೀಗ್ ಎಂಬುದೇ ಇರುತ್ತಿರಲಿಲ್ಲ.

ಆ ಒಂಬತ್ತರಲ್ಲಿ ಬಹಳಷ್ಟು ತಂಡಗಳು ಇಂದು ಮೇಲಿನ ದರ್ಜೆಯಲ್ಲಿಲ್ಲ. ಗ್ಲೀಬ್ ಅನ್ನು 1929ರ ಋತುವಿನ ಬಳಿಕ ಕೈಬಿಟ್ಟರು; ನ್ಯೂಟೌನ್ 1983ರಲ್ಲಿ ಕೊನೆಯಾಯಿತು; ನಾರ್ತ್ ಸಿಡ್ನಿ 1999ರಲ್ಲಿ. ಬಾಲ್ಮೇನ್ ಮತ್ತು ವೆಸ್ಟರ್ನ್ ಸಬರ್ಬ್ಸ್ ಕೂಡಿ ವೆಸ್ಟ್ಸ್ ಟೈಗರ್ಸ್ ಆದವು. ಅಂದು ಫೈನಲ್ ಆಡಿದ ಎರಡು ತಂಡಗಳಷ್ಟೇ ತಮ್ಮ ಕಾಲ ಮೇಲೆ ಉಳಿದಿವೆ. ಅವುಗಳಲ್ಲಿ ಸೌತ್ ಸಿಡ್ನಿ ಕೂಡ ಒಮ್ಮೆ ಹೊರದೂಡಿಸಿಕೊಂಡಿತ್ತು. ಟಿವಿ ಹಣದ ಜಗಳದ ನಂತರ ತಂಡಗಳನ್ನು ಕಡಿಮೆ ಮಾಡಲು ಹೊರಟ ಲೀಗ್ 1999ರಲ್ಲಿ, ಅತಿ ಹೆಚ್ಚು ಪ್ರಶಸ್ತಿ ಗೆದ್ದ ಕ್ಲಬ್ಬನ್ನೇ ಕೈಬಿಟ್ಟಿತು. ಲೆಕ್ಕ ಹೇಳಿದವರಿಗೆ ಅದು ಸಣ್ಣ ಮಾರುಕಟ್ಟೆಯ ಬಡ ಕ್ಲಬ್. 2000ದ ನವೆಂಬರ್‌ನಲ್ಲಿ ಸುಮಾರು 80,000 ಜನ ಕೆಂಪು-ಹಸಿರು ತೊಟ್ಟು ಸಿಡ್ನಿಯ ಬೀದಿಗಿಳಿದರು. ಪ್ರಕರಣ ನ್ಯಾಯಾಲಯಕ್ಕೆ ಹೋಯಿತು. 2002ರಲ್ಲಿ ಸೌತ್ ಸಿಡ್ನಿ ಮರಳಿ ಆಡಿತು. 2014ರಲ್ಲಿ, 43 ವರ್ಷಗಳ ಬಳಿಕ, ತನ್ನ 21ನೆಯ ಪ್ರಶಸ್ತಿ ಗೆದ್ದಿತು.

1908ರ ಜನವರಿಯಲ್ಲಿ ಕೂಲಿಯ ನ್ಯಾಯ ಕೇಳಲು ಪುರಭವನಕ್ಕೆ ಬಂದವರಿಗೂ, 2000ದಲ್ಲಿ ತಂಡ ಉಳಿಸಲು ಬೀದಿಗೆ ಬಂದವರಿಗೂ ನಡುವೆ ನಾಲ್ಕೈದು ತಲೆಮಾರು ಕಳೆದಿವೆ. ಕೇಳಿದ್ದು ಒಂದನ್ನೇ. ಆಟದಿಂದ ಬರುವ ಹಣ ಎಷ್ಟೇ ದೊಡ್ಡದಾಗಲಿ, ಅದನ್ನು ಬೆವರು ಸುರಿಸಿ ಆಡುವವರನ್ನೂ ಬಿಸಿಲು-ಮಳೆಯಲ್ಲಿ ನಿಂತು ನೋಡುವವರನ್ನೂ ಬದಿಗಿಟ್ಟು ಹಂಚಿಕೊಳ್ಳುವಂತಿಲ್ಲ. ಸಿಡ್ನಿಯವರು ಈ ಮಾತನ್ನು ಭಾಷಣವಾಗಿ ಬಿಡದೆ, ಬಡಾವಣೆಗೊಂದು ತಂಡವಾಗಿ, ತಂಡಕ್ಕೊಂದು ಬಣ್ಣವಾಗಿ, ನಷ್ಟದಲ್ಲಿಯೂ ಮುಗಿಸಿದ ಒಂದು ಋತುವಾಗಿ ನಿಲ್ಲಿಸಿದರು. ಆ ಋತು ಗಳಿಸಿದ್ದು ಕಡಿಮೆ, ಉಳಿಸಿದ್ದು ಬಹಳ. ಅದಕ್ಕಾಗಿ ಅದು ಚರಿತ್ರೆಯಲ್ಲಿ ದೊಡ್ಡದು.